‘ಗೂಗಲ್ ನಂಬರ್ ಒನ್ ಗ್ಯಾರಂಟಿ’ ಮಾರಿದವರಿಗೆ

ಇವರಿಗೆ,
ವ್ಯವಸ್ಥಾಪಕರು, ಡಿಜಿಟಲ್ ಮಾರ್ಕೆಟಿಂಗ್ ವಿಭಾಗ, ಬೆಂಗಳೂರು

ವಿಷಯ: ಜೋಗದ ಹತ್ತಿರದ ನನ್ನ ಹೋಂಸ್ಟೇಗೆ ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಎಂಬ ನಿಮ್ಮ ಪ್ಯಾಕೇಜು, ನನ್ನ ಹಣ, ನನ್ನ ಪಾಸ್‌ವರ್ಡು

ಮಾನ್ಯರೇ,

ಫೋನ್ ಮಾಡಿಯಾಯಿತು, ವಾಟ್ಸಾಪ್‌ನಲ್ಲಿ ಬರೆದಾಯಿತು. ನೀಲಿ ಟಿಕ್ ಬೀಳುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಅದಕ್ಕೇ ಈ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ. ಸಮಾಧಾನದಿಂದಲೇ ಬರೆಯಬೇಕು ಅಂತ ಕೂತಿದ್ದೇನೆ.

ನಿಮ್ಮ ಗ್ಯಾರಂಟಿ ಪತ್ರದ ನಾಲ್ಕನೇ ಷರತ್ತು ಏನು ಹೇಳುತ್ತದೆ ಅಂತ ನಾನು ಹೇಳಬೇಕಿಲ್ಲ. ಮೂರು ತಿಂಗಳಲ್ಲಿ ಮೊದಲ ಸ್ಥಾನ ಅಂತ ದಪ್ಪ ಅಕ್ಷರದಲ್ಲಿ ನೀವೇ ಬರೆದದ್ದು. ಆರನೇ ಷರತ್ತೂ ನಿಮಗೆ ಬಾಯಿಪಾಠ ಇರಬೇಕು, ಮಾತು ತಪ್ಪಿದರೆ ಹಣ ವಾಪಸಿನದ್ದು. 45,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 53,100. ಪೂರ್ತಿ ಮುಂಗಡ. ಮುಂಗಡ ತೆಗೆದುಕೊಳ್ಳುವಾಗ ನಿಮ್ಮವರು ಒಂದೇ ರಿಂಗಿಗೆ ಫೋನ್ ಎತ್ತುತ್ತಿದ್ದರು.

ಜೋಗ ನೋಡಲು ಜನ ಮುಗಿಬೀಳುವುದೇ ಮಳೆಗಾಲದಲ್ಲಿ. ತಾಳಗುಪ್ಪ ರೈಲಿಳಿದು, ‘ಜೋಗದ ಹತ್ತಿರ ಹೋಂಸ್ಟೇ’ ಅಂತ ಮೊಬೈಲಿನಲ್ಲಿ ಹುಡುಕಿ, ಮೇಲೆ ಕಂಡ ನಂಬರಿಗೆ ಫೋನ್ ಮಾಡುತ್ತಾರೆ. ಆ ಮೇಲಿನ ಜಾಗ ನಮ್ಮದು ಅಂತ ನೀವು ಬರೆದುಕೊಟ್ಟಿದ್ದಿರಿ.

ಮೂರು ತಿಂಗಳಾದ ಮೇಲೆ ನಿಮ್ಮ ರಿಪೋರ್ಟ್ ಬಂತು. ಬಣ್ಣಬಣ್ಣದ ಗ್ರಾಫು, ಎಲ್ಲ ಕಡೆ ಹಸಿರು ಬಾಣ. ನಂಬರ್ ಒನ್ ಬಂದ ಕೀವರ್ಡ್‌ಗಳನ್ನು, ಅಂದರೆ ಜನ ಹುಡುಕುವಾಗ ಹೊಡೆಯುವ ಪದಗಳನ್ನು, ಓದಿದೆ. ಮೊದಲನೆಯದು ನಮ್ಮ ಹೋಂಸ್ಟೇಯ ಹೆಸರೇ. ನನ್ನ ಮನೆ ಹೆಸರು ಹೊಡೆದು ಹುಡುಕಿದರೆ ನನ್ನ ಮನೆ ಬರದೆ ಇನ್ಯಾರ ಮನೆ ಬರಬೇಕಿತ್ತು? ಎರಡನೆಯದು ‘ಹೆರಿಟೇಜ್ ಅಡಿಕೆ ಫಾರ್ಮ್ ಸ್ಟೇ ವಿತ್ ಮಲ್ನಾಡ್ ಫುಡ್ ತಾಳಗುಪ್ಪ ರೋಡ್’. ಹೀಗೆ ಹುಡುಕುವ ಮನುಷ್ಯ ಭೂಮಿ ಮೇಲೆ ಒಬ್ಬನಿದ್ದರೂ ಕರೆದುಕೊಂಡು ಬನ್ನಿ, ಒಂದು ರಾತ್ರಿ ಪುಕ್ಕಟೆ ಇಟ್ಟುಕೊಳ್ಳುತ್ತೇನೆ. ಇನ್ನು ನಿಮ್ಮವರು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ನಾವು ಎಲ್ಲರಿಗಿಂತ ಮೇಲಿದ್ದೆವು, ನಿಜ. ನಮ್ಮ ಹೆಸರಿನ ತಲೆ ಮೇಲೆ ‘ಸ್ಪಾನ್ಸರ್ಡ್’ ಅಂತ ಸಣ್ಣಕ್ಕೆ ಇತ್ತು. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಅದು. ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ, ಅಲ್ವಾ?

ಇಷ್ಟೇ ಆಗಿದ್ದರೆ ಹೋದ ದುಡ್ಡು ಹೋಯಿತು ಅಂತ ಸುಮ್ಮನಿರುತ್ತಿದ್ದೆ. ನೀವು ಇದ್ದದ್ದನ್ನೂ ಕೆಡಿಸಿದಿರಿ. ಗೂಗಲ್ ಮ್ಯಾಪಿನಲ್ಲಿ ನಮ್ಮ ಹೆಸರಿನ ಬಾಲಕ್ಕೆ ‘ಬೆಸ್ಟ್ ಚೀಪ್ ಹೋಂಸ್ಟೇ ನಿಯರ್ ಜೋಗ್ ಫಾಲ್ಸ್’ ಅಂತ ಕಟ್ಟಿದಿರಿ. ಬೋರ್ಡಿನಲ್ಲಿ ಏನಿದೆಯೋ ಅದೇ ಹೆಸರಿರಬೇಕು, ಕೀವರ್ಡ್ ತುರುಕಬಾರದು ಅಂತ ಗೂಗಲ್ ನಿಯಮ ಇದೆ. ನಿಮಗೆ ಗೊತ್ತಿಲ್ಲದೆ ಇರುತ್ತದೆಯೇ, ನಿಮ್ಮ ಕಸುಬೇ ಅದು. ಮ್ಯಾಪಿನಲ್ಲಿದ್ದ ನಮ್ಮ ಪ್ರೊಫೈಲ್ ಸಸ್ಪೆಂಡ್ ಆಯಿತು. ಅದೂ ಶರಾವತಿ ತುಂಬಿ, ರಾಜಾ ರಾಣಿ ರೋರರ್ ರಾಕೆಟ್ ನಾಲ್ಕೂ ಒಂದೇ ಬಿಳಿ ಗೋಡೆಯಾಗಿ ಬೀಳುತ್ತಿದ್ದ ಹೊತ್ತಿಗೆ.

ಅದಕ್ಕೂ ಮುಂಚೆ ನೀವು ಹಾಕಿಸಿದ ರಿವ್ಯೂಗಳು. ‘ಸ್ವಿಮ್ಮಿಂಗ್ ಪೂಲ್ ಸೂಪರ್’ ಅಂತ ಯಾರೋ ಬರೆದಿದ್ದಾರೆ, ಐದು ಸ್ಟಾರ್. ಅದನ್ನು ನಂಬಿದ ಒಂದು ಕುಟುಂಬ ಬೆಂಗಳೂರಿನಿಂದ ಈಜುಡುಗೆ, ಗಾಳಿ ತುಂಬಿದ ಬಾತುಕೋಳಿ ಸಮೇತ ಬಂದಿಳಿಯಿತು. ನಮ್ಮಲ್ಲಿರುವುದು ಒಂದು ಬಾವಿ. ಅವರು ಹೋಗುವಾಗ ಒಂದು ಸ್ಟಾರ್ ಕೊಟ್ಟು ಹೋದರು. ಅದೊಂದೇ ನಿಜವಾದ ರಿವ್ಯೂ.

ಈಗ ಆ ಫೋನಿನ ವಿಷಯ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ. ಫೋನನ್ನು ಕಿಟಕಿ ದಂಡೆ ಮೇಲಿಟ್ಟು, ಸ್ಪೀಕರ್ ಹಾಕಿಯೇ ಮಾತಾಡಬೇಕು. ಅವತ್ತು ಜಗಲಿಯಲ್ಲಿ ಹಾವೇರಿ ಕಡೆಯ ಅತಿಥಿಗಳು ಕಷಾಯ ಕುಡಿಯುತ್ತ ಕೂತಿದ್ದರು. ನಿಮ್ಮ ಅಕೌಂಟ್ ಮ್ಯಾನೇಜರ್ ಫೋನ್ ಎತ್ತಿದ. ಪ್ರೊಫೈಲ್ ಯಾಕೆ ಸಸ್ಪೆಂಡ್ ಆಯಿತು ಅಂತ ಕೇಳಿದೆ.

“ಮೇಡಂ, ಇದೆಲ್ಲ ಅಲ್ಗಾರಿದಂ. ಮನೇಲಿ ಸರ್ ಇದ್ರೆ ಕೊಡಿ, ಅವ್ರಿಗೆ ಹೇಳ್ತೀನಿ.”

“ಹೋಂಸ್ಟೇ ನಂದು. ದುಡ್ಡು ಕೊಟ್ಟಿದ್ದು ನಾನು. ನಂಗೇ ಹೇಳಿ.”

“ನಿಮ್ಗೆ ಅರ್ಥ ಆಗಲ್ಲ ಅಂತಲ್ಲ ಮೇಡಂ, ಸ್ವಲ್ಪ ಟೆಕ್ನಿಕಲ್. ಬ್ಯಾಕ್‌ಲಿಂಕ್ ಅಂದ್ರೆ ಗೊತ್ತಾ ನಿಮ್ಗೆ?”

ಗೊತ್ತು ಅಂದೆ. ಬೇರೆ ಸೈಟಿನವರು ನಮ್ಮ ಸೈಟಿಗೆ ಕೊಡುವ ಕೊಂಡಿ. ಅಂಥ ಕೊಂಡಿಗಳನ್ನು ತೋರಿಸುವ ಗೂಗಲ್‌ನವರದ್ದೇ ಸರ್ಚ್ ಕನ್ಸೋಲ್ ಪುಕ್ಕಟೆಯೇ ಸಿಗುತ್ತದೆ, ನನ್ನ ಅಕ್ಕನ ಮಗಳು ಅದನ್ನು ತೆರೆದು ತೋರಿಸಿದ್ದಾಳೆ. ನೀವು ತಂದ ಕೊಂಡಿಗಳೆಲ್ಲ ಜೂಜಿನ ಸೈಟಿನವು ಅಂತಲೂ ಹೇಳಿದೆ. ಆಚೆ ಕಡೆ ಒಂದು ಕ್ಷಣ ಸದ್ದಿಲ್ಲ. “ಹೋಲ್ಡ್ ಮಾಡಿ ಮೇಡಂ” ಅಂದ. ಹೋಲ್ಡ್ ಬಟನ್ ಒತ್ತಲಿಲ್ಲ. ಪಕ್ಕದವರಿಗೆ ಹೇಳಿದ್ದು ಇಡೀ ಜಗಲಿಗೆ ಕೇಳಿಸಿತು: “ಲೋ, ಆ ಜೋಗದಜ್ಜಿ ಮತ್ತೆ ಲೈನಲ್ಲಿದೆ, ಏನಾದ್ರೂ ಹೇಳಿ ಸಾಗಹಾಕು.” ಇಬ್ಬರೂ ನಕ್ಕರು.

ಅತಿಥಿಗಳು ಲೋಟದೊಳಗೆ ನೋಡತೊಡಗಿದರು. ನಾನು ಫೋನ್ ಎತ್ತಿ ಕಿವಿಗೆ ಹಿಡಿದೆ, ನೆಟ್‌ವರ್ಕ್ ಹೋಯಿತು. ಮರುದಿನ ಹೊರಡುವಾಗ ಅವರ ಪುಟ್ಟ ಹುಡುಗ ಕಾರಿನ ಕಿಟಕಿಯಿಂದ ಕೈ ಬೀಸಿ “ಜೋಗದಜ್ಜಿ, ಟಾಟಾ” ಅಂದ. ಪಾಪ, ಪ್ರೀತಿಯಿಂದಲೇ ಅಂದದ್ದು. ಅವನ ಅಮ್ಮ ಅವನ ಬಾಯಿ ಮುಚ್ಚಿದ್ದನ್ನೂ ನಾನು ನೋಡಿದೆ. ನನಗೆ ವಯಸ್ಸು 51, ಅಜ್ಜಿ ಇನ್ನೂ ಆಗಿಲ್ಲ. ಆದಾಗ ನಿಮ್ಮ ಆಫೀಸಿಗೂ ಸಿಹಿ ಕಳಿಸುತ್ತೇನೆ. ಗೂಗಲ್ ಅಲ್ಗಾರಿದಂ ಪಳಗಿಸಿದವರಿಗೆ ಫೋನಿನ ಒಂದು ಬಟನ್ ಒತ್ತಲು ಬರುವುದಿಲ್ಲ ಅನ್ನುವುದು ಮಾತ್ರ ನನ್ನ ತಲೆಗೆ ಹೋಗುತ್ತಿಲ್ಲ.

ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಅಂತ ಗೂಗಲ್‌ನವರೇ ಬರೆದಿಟ್ಟಿದ್ದಾರೆ. ಅಂಥ ಗ್ಯಾರಂಟಿ ಕೊಡುವವರನ್ನೂ, ಗೂಗಲ್ ಜೊತೆ ವಿಶೇಷ ಸಂಬಂಧ ಇದೆ ಅನ್ನುವವರನ್ನೂ ದೂರ ಇಡಿ ಅಂತಲೂ ಅದೇ ಪುಟದಲ್ಲಿದೆ. ನಿಮ್ಮವರು ನನಗೆ ಎರಡನ್ನೂ ಹೇಳಿದ್ದರು. ಮ್ಯಾಪಿನಲ್ಲಿ ಯಾರು ಮೇಲೆ ಬರಬೇಕು ಅನ್ನುವುದಕ್ಕೆ ಹುಡುಕಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ದೂರ, ಎಷ್ಟು ಹೆಸರಾಗಿದೆ ಅಂತ ನೋಡುತ್ತಾರಂತೆ. ದುಡ್ಡು ಕೊಟ್ಟು ಆ ಜಾಗ ಕೊಳ್ಳಲು ಆಗುವುದಿಲ್ಲವಂತೆ. ಹಾಗಾದರೆ ನೀವು ನನಗೆ 53,100ಕ್ಕೆ ಮಾರಿದ್ದು ಏನು?

ಹಣ ಪೂರ್ತಿ ವಾಪಸ್ ಬರಬೇಕು. ನಿಮ್ಮ ಹೆಸರಿನಲ್ಲಿ ಮಾಡಿಸಿಟ್ಟುಕೊಂಡ ನನ್ನ ಡೊಮೇನು, ಅಂದರೆ ವೆಬ್‌ಸೈಟಿನ ವಿಳಾಸ, ನನ್ನ ಹೆಸರಿಗೆ ಬರಬೇಕು, ಪ್ರೊಫೈಲಿನ ಮಾಲೀಕತ್ವವೂ ಪಾಸ್‌ವರ್ಡೂ ಬರಬೇಕು. ಆ ಈಜುಕೊಳದ ರಿವ್ಯೂ ಅಳಿಸಬೇಕು.

ಇದು ವ್ಯಾಪಾರಕ್ಕೆ ತೆಗೆದುಕೊಂಡ ಸೇವೆ, ಗ್ರಾಹಕರ ಕಾನೂನು ಇಲ್ಲಿ ಬರುವುದಿಲ್ಲ ಅಂತ ವಕೀಲರ ಕೈಲಿ ಬರೆಸಬೇಡಿ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರಗಿಟ್ಟಿಲ್ಲ. ಎರಡು ಕೋಣೆ ಕೊಟ್ಟು, ಬೆಳಿಗ್ಗೆ ನಾನೇ ತೆಳ್ಳೇವು ಎರೆದು ಬಡಿಸುವ ಮನೆ ಇದು, ಸ್ಟಾರ್ ಹೋಟೆಲಲ್ಲ. ದೂರು ಕೊಡಲು ಬೆಂಗಳೂರಿಗೆ ಬರಬೇಕಾಗಿಯೂ ಇಲ್ಲ. ನಾನಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೊಡಬಹುದು, ಸೇವೆಗೆ ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಬರಬೇಕಾದವರು ನೀವು.

ನಮ್ಮ ತಾಲ್ಲೂಕಿನ ಹೋಂಸ್ಟೇಯವರದ್ದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿರುವ ಕೆಲವರಿಗೆ ನಿಮ್ಮವರು ಈಗ ಇದೇ ಪ್ಯಾಕೇಜು ಹಿಡಿದು ಫೋನ್ ಮಾಡುತ್ತಿದ್ದಾರೆ ಅಂತ ಕೇಳಿದೆ. ನನ್ನ ಫೋನಿನಲ್ಲಿ ಕಾಲ್ ರೆಕಾರ್ಡ್ ತಾನಾಗಿಯೇ ಆಗುತ್ತದೆ. ಇನ್ನೂ ಯಾರಿಗೂ ಕಳಿಸಿಲ್ಲ.

ಹದಿನೈದು ದಿನ ನೋಡುತ್ತೇನೆ. ಆಮೇಲೆ ಶಿವಮೊಗ್ಗದ ಆಯೋಗದಲ್ಲಿ ಭೇಟಿ. ಅಲ್ಲಿಯವರಿಗೆ ಅಲ್ಗಾರಿದಂ ಬಿಡಿಸಿ ಹೇಳಲು ದಯವಿಟ್ಟು ಅದೇ ಹುಡುಗನನ್ನು ಕಳಿಸಿ.

ಇಂತಿ,
ಹೋಂಸ್ಟೇಯ ಮಾಲಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ