ಕಂಪ್ಯೂಟರ್ ಲೈನ್ ಬಿಟ್ಟವನು

ಚಿ. ಸುಹಾಸನಿಗೆ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೌಕರಿ ಬಿಟ್ಟು ಲಾ ಓದುತ್ತೇನೆ ಅಂದೆಯಂತೆ. ನಿಮ್ಮಮ್ಮ ಫೋನಿನಲ್ಲಿ ಒಂದೇ ಸಮ ಅತ್ತಳು. “ಕಂಪ್ಯೂಟರ್ ಲೈನ್ ಬಿಟ್ಟು ಉದ್ಧಾರ ಆದವರು ಯಾರಾದರೂ ಇದ್ದಾರಾ ಹೇಳಣ್ಣ” ಅಂದಳು. ಒಬ್ಬನಿದ್ದ. ಮನೆಮನೆಗೆ ಕಂಪ್ಯೂಟರ್ ಬರುವುದಕ್ಕೆ ದಾರಿ ಮಾಡಿದವನೇ ಅವನು.

ಹೆಸರು ಎಡ್ ರಾಬರ್ಟ್ಸ್. ಅಮೆರಿಕದ ಅಲ್ಬುಕರ್ಕಿಯಲ್ಲಿ ಮಿಟ್ಸ್ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದ. ಕ್ಯಾಲ್ಕ್ಯುಲೇಟರ್ ವ್ಯಾಪಾರ. ದೊಡ್ಡ ಕಂಪನಿಗಳು ಬೆಲೆ ಇಳಿಸಿದ್ದೇ ತಡ, ಸಾಲ ಕುತ್ತಿಗೆಗೆ ಬಂತು. ಆಗ ಇಂಟೆಲ್‌ನ 8080 ಚಿಪ್ ಹಾಕಿ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರ್ ಮಾಡಿದ. 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು. ತಮಾಷೆ ಏನೆಂದರೆ, ಚಿತ್ರದಲ್ಲಿದ್ದದ್ದು ಖಾಲಿ ಡಬ್ಬ! ಅಸಲಿ ಯಂತ್ರ ನ್ಯೂಯಾರ್ಕಿನ ಪತ್ರಿಕೆ ಕಚೇರಿಗೆ ಹೋಗುವ ದಾರಿಯಲ್ಲೇ ಕಳೆದುಹೋಗಿತ್ತು.

ಅದಕ್ಕೆ ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮೆಮೊರಿ ಬರೀ 256 ಬೈಟ್, ಅಂದರೆ ಸುಮಾರು 256 ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು. ಬಿಡಿಭಾಗ ತರಿಸಿಕೊಂಡು ನಾವೇ ಬೆಸುಗೆ ಹಾಕಿ ಜೋಡಿಸಬೇಕು. ಆಮೇಲೆ ಮುಂಭಾಗದ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟ್ ತುಂಬಬೇಕು. ಉತ್ತರವನ್ನು ಕೆಂಪು ದೀಪಗಳಲ್ಲಿ ಓದಿಕೊಳ್ಳಬೇಕು. ಕರೆಂಟ್ ಹೋಯಿತೋ, ಮತ್ತೆ ಮೊದಲಿಂದ. ಇಷ್ಟಾದರೂ, ಕೆಲವು ನೂರು ಹೋದರೆ ಸಾಕು ಎಂದುಕೊಂಡಿದ್ದವನಿಗೆ ಸಾವಿರಾರು ಆರ್ಡರ್ ಬಂದವು. ಬಿಲ್ ಗೇಟ್ಸ್, ಪಾಲ್ ಅಲೆನ್ ಇದಕ್ಕೇ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರ್ ಬರೆದುಕೊಟ್ಟು ಮೈಕ್ರೋಸಾಫ್ಟ್ ಶುರುಮಾಡಿದರು.

ರಾಬರ್ಟ್ಸ್ ಮಾತ್ರ 1977ರಲ್ಲಿ ಕಂಪನಿ ಮಾರಿ, ಅಮೆರಿಕದ್ದೇ ಜಾರ್ಜಿಯಾ ರಾಜ್ಯಕ್ಕೆ ಹೋಗಿ ಬೇಸಾಯ ಹಿಡಿದ. ಆಮೇಲೆ ಮೆಡಿಕಲ್ ಕಾಲೇಜು ಸೇರಿ 1986ರಲ್ಲಿ ಡಾಕ್ಟರಾದ. ಆಗ ವಯಸ್ಸು 44! ಕಾಕ್ರನ್ ಎಂಬ ಚಿಕ್ಕ ಊರಿನಲ್ಲಿ ರೋಗಿಗಳನ್ನು ನೋಡಿಕೊಂಡಿದ್ದ. 2010ರಲ್ಲಿ ತೀರಿಕೊಂಡ.

ಇದನ್ನು ಓದಿ ನಾಳೆಯೇ ರಾಜೀನಾಮೆ ಗೀಚಬೇಡ. ಡಾಕ್ಟರಾಗುವುದು ಅವನಿಗೆ ಎಳೆ ವಯಸ್ಸಿನ ಆಸೆ, ನಡುವೆ ಹತ್ತಿದ ಹುಚ್ಚಲ್ಲ. ಸಾಲ ಇದ್ದಾಗ ಎದ್ದು ಹೋಗಲಿಲ್ಲ; ಕೈಯಲ್ಲಿ ದುಡ್ಡು ಬಂದ ಮೇಲೆ ಹೋದ. ನಿನ್ನದು ಹಳೆಯ ಆಸೆಯೋ, ಮ್ಯಾನೇಜರ್ ಮೇಲಿನ ಸಿಟ್ಟೋ? ಸಿಟ್ಟಾದರೆ ಕಂಪನಿ ಬದಲಿಸು, ಸಾಕು. ಆಸೆಯೇ ಆದರೆ ಮನೆಸಾಲದ ಕಂತು ಎಷ್ಟು ಉಳಿದಿದೆ, ಮೂರು ವರ್ಷದ ಫೀಸು ಎಲ್ಲಿಂದ ಬರುತ್ತದೆ, ಲೆಕ್ಕ ಬರೆದು ಕಳಿಸು. ಲೆಕ್ಕ ಸರಿ ಇದ್ದರೆ ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ.

ಇಂತಿ ನಿನ್ನ ಮಾವ