ಗಿರಾಕಿಯ ಜೊತೆ ಮಾತನಾಡದೆ ದಂಧೆ ನಿಲ್ಲದು

ಮಾನ್ಯ ಸಂಪಾದಕರೇ,

ಮಹಿಳೆಯರ ಮೇಲಿನ ಹಿಂಸೆ ತಡೆಯಲು ಪುರುಷರೂ ಮುಂದೆ ಬರಬೇಕು ಎಂಬ ಲೇಖನಗಳು ಪ್ರತಿವರ್ಷ ನವೆಂಬರ್ 25ರ, ಅಂದರೆ ಮಹಿಳೆಯರ ಮೇಲಿನ ಹಿಂಸೆ ನಿರ್ಮೂಲನೆಯ ಅಂತರರಾಷ್ಟ್ರೀಯ ದಿನದ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಬರುತ್ತವೆ. ಮುಂದೆ ಬಂದವರು ಏನು ಮಾಡಬೇಕು, ಹೇಗೆ, ಎಷ್ಟು ದಿನ ಎಂಬ ವಿವರ ಅವುಗಳಲ್ಲಿ ಸಿಗುವುದು ಅಪರೂಪ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಮಾತನಾಡುವವರೂ ಹಣ ಕೊಟ್ಟು ಹೆಣ್ಣಿನ ದೇಹ ಪಡೆಯುವ ಗಂಡಸಿನ ವಿಷಯ ಬಂದಾಗ ಸುಮ್ಮನಾಗುತ್ತಾರೆ. ಪುರುಷರ ಗುಂಪುಗಳ ಜೊತೆ ಕೆಲಸ ಮಾಡುವ ನಮಗೆ ಇವೆರಡನ್ನೂ ಒಟ್ಟಿಗೇ ಎತ್ತಿಕೊಳ್ಳಬೇಕು ಎನ್ನುವುದರಲ್ಲಿ ಸಂಶಯವಿಲ್ಲ. ತನಗೆ ಬೇಕಾದದ್ದು ಸಿಗಲೇಬೇಕು, ಆಕೆಯ ಇಷ್ಟಾನಿಷ್ಟ ಆಮೇಲಿನ ಮಾತು ಎಂಬ ನಂಬಿಕೆಯೇ ಎರಡಕ್ಕೂ ಬೇರು.

ಕಾನೂನುಗಳು ಇತ್ತ ನೋಡಲು ಶುರುಮಾಡಿ ಕಾಲು ಶತಮಾನ ಕಳೆಯಿತು. ಕಳ್ಳಸಾಗಣೆ ತಡೆಗೆ ವಿಶ್ವಸಂಸ್ಥೆ ರೂಪಿಸಿದ 2000ದ ಪಲೆರ್ಮೊ ಒಪ್ಪಂದದ 9ನೇ ವಿಧಿ, ಮಾನವ ಕಳ್ಳಸಾಗಣೆಗೆ ದಾರಿಯಾಗುವ ಬೇಡಿಕೆಯನ್ನೇ ತಗ್ಗಿಸಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. ಅದಕ್ಕೂ ಮೊದಲೇ, 1999ರ ಜನವರಿ 1ರಿಂದ, ಸ್ವೀಡನ್‌ನಲ್ಲಿ ಕೊಳ್ಳುವವನು ಅಪರಾಧಿ. ಮಾರಾಟಕ್ಕೆ ಸಿಕ್ಕ ಹೆಣ್ಣಿಗೆ ಶಿಕ್ಷೆಯಿಲ್ಲ. ನಾರ್ವೆ ಮತ್ತು ಐಸ್‌ಲ್ಯಾಂಡ್ 2009ರಲ್ಲಿ, ಫ್ರಾನ್ಸ್ 2016ರಲ್ಲಿ, ಐರ್ಲೆಂಡ್ 2017ರಲ್ಲಿ ಇದೇ ದಾರಿ ಹಿಡಿದವು. ಫ್ರಾನ್ಸ್‌ನಲ್ಲಿ ಮೊದಲ ಸಲ ಸಿಕ್ಕಿಬಿದ್ದವನಿಗೆ 1,500 ಯೂರೊವರೆಗೆ ದಂಡ, ಮತ್ತೆ ಸಿಕ್ಕರೆ 3,750 ಯೂರೊವರೆಗೆ. ತಿಳಿವಳಿಕೆ ಶಿಬಿರಕ್ಕೆ ಹೋಗುವಂತೆಯೂ ಆದೇಶಿಸಬಹುದು. ದಂಧೆ ಬಿಡಲು ಬಯಸುವ ಹೆಂಗಸಿಗೆ ಭತ್ಯೆ, ವಿದೇಶಿಯಾಗಿದ್ದರೆ ತಾತ್ಕಾಲಿಕ ವಾಸದ ಪರವಾನಗಿ ಅದೇ ಕಾನೂನಿನಲ್ಲಿದೆ. ನಮ್ಮ ಪ್ರಕಾರ ಆ ಕಾನೂನಿನ ನಿಜವಾದ ಬಲ ದಂಡದ ಮೊತ್ತದಲ್ಲಿಲ್ಲ, ಈ ಎರಡನೆಯ ಭಾಗದಲ್ಲಿದೆ. ಗಿರಾಕಿಗಳು ಕಡಿಮೆಯಾದ ದಿನವೇ ಆಕೆಯ ಬಾಡಿಗೆ, ಸಾಲದ ಕಂತು, ಮಗುವಿನ ಶುಲ್ಕ ನಿಲ್ಲುವುದಿಲ್ಲವಲ್ಲ.

ಇದಕ್ಕೆ ಗಟ್ಟಿಯಾದ ವಿರೋಧವೂ ಇದೆ. ಗಿರಾಕಿಗೆ ಪೊಲೀಸರ ಭಯವಿದ್ದರೆ ಆತ ಅವಸರ ಮಾಡುತ್ತಾನೆ, ಆಕೆಯನ್ನು ನಿರ್ಜನ ಜಾಗಕ್ಕೆ ಕರೆಯುತ್ತಾನೆ, ಆತ ಎಂಥವನೆಂದು ಅಳೆಯಲು ಆಕೆಗೆ ಸಮಯ ಸಿಗುವುದಿಲ್ಲ ಎಂದು ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳು ಹೇಳುತ್ತವೆ. 2016ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೂಡ ಅದೇ ನಿಲುವು ತಳೆಯಿತು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕಾನೂನು ಹೇಗೇ ಇರಲಿ, ಗಂಡಸು ಆ ಬಾಗಿಲಿಗೆ ಹೋಗದಂತೆ ಮಾಡುವ ಕೆಲಸ ಬೇರೆಯಾಗಿಯೇ ನಡೆಯಬೇಕು ಎಂದು ನಾವು ಒತ್ತಿ ಹೇಳುವುದು ಅದಕ್ಕಾಗಿಯೇ.

ಆ ಕೆಲಸದ ವಿವರ ಹೀಗಿದೆ. ಒಂದು ಗುಂಪಿನಲ್ಲಿ 12ರಿಂದ 15 ಜನ, ಅದಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ದಾಟಿದರೆ ಮೂರು ಜನ ಮಾತನಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ವಯಸ್ಸು ಹತ್ತಿರ ಹತ್ತಿರ ಇರಲಿ. ಮಾವ ಅಳಿಯ, ಮಾಲೀಕ ಕೆಲಸಗಾರ ಒಂದೇ ಗುಂಪಿನಲ್ಲಿದ್ದರೆ ಯಾರೂ ನಿಜ ಹೇಳುವುದಿಲ್ಲ. ವಾರಕ್ಕೊಮ್ಮೆ ಎರಡು ಗಂಟೆ, ಕನಿಷ್ಠ ಹನ್ನೆರಡು ವಾರ. ನಡೆಸಿಕೊಡುವವರು ಇಬ್ಬರು, ಸಾಧ್ಯವಾದರೆ ಒಬ್ಬ ಗಂಡಸು ಒಬ್ಬ ಹೆಂಗಸು, ಏಕೆಂದರೆ ಅವರಿಬ್ಬರೂ ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನೂ ಗುಂಪು ಗಮನಿಸುತ್ತಿರುತ್ತದೆ. ರುವಾಂಡಾದ ‘ಬಂಡೆಬೆರೆಹೊ’ ಕಾರ್ಯಕ್ರಮದಲ್ಲಿ ಗಂಡಂದಿರಿಗೆ 15 ಬೈಠಕ್‌ಗಳಿದ್ದವು, ಅವುಗಳಲ್ಲಿ 8ಕ್ಕೆ ಹೆಂಡತಿಯರೂ ಬರುತ್ತಿದ್ದರು. ಸುಮಾರು ಎರಡು ವರ್ಷದ ನಂತರ ಹೆಂಡತಿಯರನ್ನೇ ಕೇಳಿದಾಗ, ಗುಂಪಿಗೆ ಬಾರದವರ ಮನೆಗಳಿಗಿಂತ ಇಲ್ಲಿ ಹೊಡೆತ ಸ್ಪಷ್ಟವಾಗಿ ಕಡಿಮೆ ಇತ್ತು. ಉಗಾಂಡಾದ ಕಂಪಾಲಾದಲ್ಲಿ ‘ಸಾಸಾ’ ಎಂಬ ಕಾರ್ಯಕ್ರಮ ಭಾಷಣಗಳನ್ನು ಬಿಟ್ಟು, ಆಯಾ ಬೀದಿಯ ಗಂಡಸರು ಹೆಂಗಸರಿಗೇ ತರಬೇತಿ ಕೊಟ್ಟು ನೆರೆಹೊರೆಯವರ ಜೊತೆ ವರ್ಷಗಟ್ಟಲೆ ಮಾತನಾಡಿಸಿತು. ಅಲ್ಲಿ ಸಂಗಾತಿಯಿಂದಾಗುವ ದೈಹಿಕ ಹಿಂಸೆ ಇತರ ಬಡಾವಣೆಗಳಿಗಿಂತ 52 ಶೇಕಡಾ ಕಡಿಮೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದು ದಿನದ ಜಾಥಾ, ಒಂದು ಸಹಿ ಅಭಿಯಾನದಿಂದ ಇಂಥ ಫಲ ಬರುವುದಿಲ್ಲ.

ಮೊದಲ ದಿನವೇ ಗೋಪ್ಯತೆಯ ಮಿತಿ ಹೇಳಿಬಿಡಬೇಕು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ಮಗುವಿಗೆ ಕಿರುಕುಳ ಅಥವಾ ಯಾರದೇ ಪ್ರಾಣಕ್ಕೆ ಅಪಾಯ ಎಂದು ಗೊತ್ತಾದರೆ ನಾವು ತಿಳಿಸಲೇಬೇಕಾದವರಿಗೆ ತಿಳಿಸುತ್ತೇವೆ ಎಂದು. ಇದನ್ನು ಆಮೇಲೆ ಹೇಳಿದರೆ ಮೋಸ ಹೋದೆವೆಂದು ಗುಂಪೇ ಚದುರುತ್ತದೆ.

ಹಿಂಸೆಯಿಂದ ಆರಂಭಿಸಬಾರದು. ಆರೋಪ ಎಂದುಕೊಂಡು ಎರಡನೆಯ ವಾರ ಅರ್ಧದಷ್ಟು ಜನ ಬರುವುದಿಲ್ಲ. ಇಪ್ಪತ್ತನಾಲ್ಕು ಗಂಟೆಯ ಚಿತ್ರ ಬರೆಸಿ: ಬೆಳಗಿನಿಂದ ರಾತ್ರಿವರೆಗೆ ತಾನೇನು ಮಾಡುತ್ತೇನೆ, ಮನೆಯ ಹೆಂಗಸು ಏನು ಮಾಡುತ್ತಾಳೆ. ನಂತರ ದುಡ್ಡಿನ ನಿರ್ಧಾರ ಯಾರದು, ಆಮೇಲೆ ಅಪ್ಪನಿಂದ ತಿಂದ ಏಟುಗಳು, ಕುಡಿತ, ಒಪ್ಪಿಗೆ ಎಂದರೇನು. ಹಣ ಕೊಟ್ಟು ಕೊಳ್ಳುವ ವಿಷಯ ಆರನೆಯ ಅಥವಾ ಏಳನೆಯ ವಾರಕ್ಕೆ ಬರಲಿ. ಅಷ್ಟರಲ್ಲಿ ಒಪ್ಪಿಗೆಯ ಬಗ್ಗೆ ಅವರೇ ಆಡಿದ ಮಾತುಗಳು ಗೋಡೆಯ ಮೇಲಿನ ಹಾಳೆಯಲ್ಲಿರುತ್ತವೆ.

ಆ ದಿನ ಬರುವ ಸಮರ್ಥನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಗಂಡಸಿಗೆ ಅದು ಬೇಕೇ ಬೇಕು, ಅವಳೇ ಒಪ್ಪಿ ಬಂದಿದ್ದಾಳೆ, ನಾನು ದುಡ್ಡು ಕೊಟ್ಟು ಅವಳಿಗೆ ಸಹಾಯವೇ ಮಾಡಿದೆ, ನನಗೆ ಮಾತನಾಡಲು ಯಾರೂ ಇರಲಿಲ್ಲ. ವಾದಕ್ಕೆ ಇಳಿದರೆ ನಡೆಸಿಕೊಡುವವರು ಸೋತಂತೆ. ಪ್ರಶ್ನೆ ಕೇಳಬೇಕು. ಕೊಟ್ಟ ಹಣದಲ್ಲಿ ದಲ್ಲಾಳಿಗೆ ಎಷ್ಟು, ಕೋಣೆಗೆ ಎಷ್ಟು, ಆಕೆಯ ಕೈಗೆ ಎಷ್ಟು? ಆಕೆಯ ಮೇಲೆ ಎಷ್ಟು ಸಾಲ ಹೊರಿಸಿದ್ದಾರೆ? ಇವತ್ತು ಬೇಡ ಎಂದರೆ ಆಕೆಗೆ ಏನಾಗುತ್ತದೆ? ಆಕೆಯ ವಯಸ್ಸು ನಿನಗೆ ಹೇಗೆ ಗೊತ್ತಾಯಿತು? ಹಣದ ಅಗತ್ಯವೇ ಇಲ್ಲದಿದ್ದರೆ ಆಕೆ ನಿನ್ನ ಜೊತೆ ಇರುತ್ತಿದ್ದಳೇ? ಬಹಳಷ್ಟು ಗಂಡಸರಿಗೆ ಒಂದಕ್ಕೂ ಉತ್ತರ ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೇ ಹೋಗಿದ್ದೆ ಎಂಬುದು ಅವರ ಬಾಯಿಂದಲೇ ಬರಬೇಕು. ಕಳ್ಳಸಾಗಣೆಗೆ ಸಿಕ್ಕವಳನ್ನು ನೋಡಿದ ತಕ್ಷಣ ಗುರುತಿಸಬಹುದು ಎಂಬ ಭ್ರಮೆಯೂ ಅಲ್ಲೇ ಒಡೆಯಬೇಕು. ನಗುತ್ತಾ ಮಾತನಾಡದಿದ್ದರೆ ಆಕೆಗೆ ಏಟು ಬೀಳುತ್ತದೆ, ಹಾಗಾಗಿ ನಗುವಿನಿಂದ ಏನೂ ತಿಳಿಯುವುದಿಲ್ಲ. ಒಂಟಿತನ ನಿಜವಾಗಿದ್ದರೆ ಅದನ್ನು ಹಗುರವಾಗಿ ಕಾಣದೆ ಆಪ್ತಸಮಾಲೋಚನೆಗೆ ಕಳಿಸಬೇಕು. ಸ್ವೀಡನ್‌ನ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್‌ನಂಥ ನಗರಗಳಲ್ಲಿ ಬಿಡಲು ಬಯಸುವ ಗಿರಾಕಿಗಳಿಗಾಗಿಯೇ ಇಂಥ ಸೇವೆ ಇದೆ.

ಎಲ್ಲಿ ಎಡವುತ್ತೇವೆ ಎಂಬುದನ್ನೂ ಹೇಳಬೇಕು. ‘ನಿನಗೂ ಅಕ್ಕ ತಂಗಿಯರಿಲ್ಲವೇ’ ಎಂಬ ಮಾತು ಎಲ್ಲ ಭಾಷಣಗಳಲ್ಲೂ ಇರುತ್ತದೆ. ಅದನ್ನು ಕೈಬಿಡಿ ಎಂದು ನಾವು ಬೇಡಿಕೊಳ್ಳುತ್ತೇವೆ. ನನ್ನ ಮನೆಯ ಹೆಣ್ಣು ಗೌರವಕ್ಕೆ ಅರ್ಹಳು ಎಂದು ಗಂಡಸು ಆಗಲೇ ನಂಬಿರುತ್ತಾನೆ. ಕೊಳ್ಳುವುದು ತನಗೆ ಏನೂ ಅಲ್ಲದ ಹೆಣ್ಣನ್ನೇ. ಗಾಯಗಳ ಭೀಕರ ಚಿತ್ರ ತೋರಿಸುವುದೂ ಬೇಡ, ‘ನಾನಂತೂ ಇಷ್ಟು ಕೆಟ್ಟವನಲ್ಲ’ ಎಂಬ ಸಮಾಧಾನ ತಂದುಕೊಂಡು ಆತ ಹೊರಟುಬಿಡುತ್ತಾನೆ. ದಂಧೆಯಿಂದ ಹೊರಬಂದ ಹೆಂಗಸನ್ನು ಕರೆತಂದು ಕಥೆ ಹೇಳಿಸುವ ಮುನ್ನ ನೂರು ಸಲ ಯೋಚಿಸಬೇಕು. ಆಕೆಯೇ ಬಯಸಿದರೆ ಮಾತ್ರ ಕರೆಯಬೇಕು, ಸಂಭಾವನೆ ಕೊಡಬೇಕು, ಯಾವ ಪ್ರಶ್ನೆಗೂ ಉತ್ತರಿಸದಿರುವ ಸ್ವಾತಂತ್ರ್ಯ ಆಕೆಗಿರಬೇಕು, ಫೋಟೊ ತೆಗೆಯಬಾರದು. ಉತ್ಸಾಹಿ ಯುವಕರು ತಾವೇ ಬಾಗಿಲು ಒಡೆದು ‘ರಕ್ಷಣೆ’ಗೆ ಹೊರಡುವುದು ಇನ್ನೊಂದು ಅಪಾಯ. ಅಂಥ ದಾಳಿಯ ನಂತರ ಆಕೆಯನ್ನು ಇನ್ನೂ ದೂರದ ಊರಿಗೆ ಸಾಗಿಸುತ್ತಾರೆ, ಖರ್ಚನ್ನು ಆಕೆಯ ಸಾಲಕ್ಕೇ ಸೇರಿಸುತ್ತಾರೆ.

ಮನೆಯಲ್ಲಿ ಹೊಡೆತ ನಡೆಯುತ್ತಿರುವಾಗ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಬಾರದು, ಅಲ್ಲಿ ಆಡಿದ ಮಾತಿಗೆ ಆಕೆ ಮನೆಯಲ್ಲಿ ಏಟು ತಿನ್ನುತ್ತಾಳೆ. ಸಿಟ್ಟು ತಡೆಯುವ ಅಭ್ಯಾಸವೊಂದೇ ಸಾಲದು, ಮೇಲಧಿಕಾರಿಯ ಮುಂದೆ ಆ ಸಿಟ್ಟು ತಡೆದುಕೊಳ್ಳಲು ಅದೇ ವ್ಯಕ್ತಿಗೆ ಚೆನ್ನಾಗಿ ಬರುತ್ತದೆ.

ಇನ್ನು ಗೆಳೆಯರ ಬಳಗ. ಅನೇಕರು ಮೊದಲ ಸಲ ಹೋಗುವುದು ಗೆಳೆಯರು ಕರೆದದ್ದಕ್ಕೆ: ಮೊದಲ ಸಂಬಳ, ಮದುವೆಗೆ ಮುಂಚಿನ ಪಾರ್ಟಿ, ಕೆಲಸದ ಮೇಲೆ ಪರವೂರು. ಬೇಡ ಎನ್ನುವ ಮಾತನ್ನು ಬಾಯಲ್ಲಿ ಆಡಿಸಿಯೇ ಅಭ್ಯಾಸ ಮಾಡಿಸಬೇಕು. ‘ನಾನು ಬರಲ್ಲ, ನೀನೂ ಹೋಗಬೇಡ, ನಡಿ ರೂಮಿಗೆ ಹೋಗೋಣ.’ ಇಷ್ಟು ಚಿಕ್ಕದಾಗಿದ್ದರೆ ಸಾಕು, ಕುಡಿದವನಿಗೆ ಉಪದೇಶ ತಲುಪುವುದಿಲ್ಲ. ನಿಧಾನದ ಮಾತು ಮರುದಿನ, ಇಬ್ಬರೇ ಇದ್ದಾಗ. ಗುಂಪಿನಲ್ಲಿ ಇಬ್ಬರು ಮೊದಲೇ ಮಾತಾಡಿಕೊಂಡಿದ್ದರೆ ಒಬ್ಬಂಟಿಯಾಗುವ ಭಯ ಇರುವುದಿಲ್ಲ. 1989ರ ಡಿಸೆಂಬರ್ 6ರಂದು ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ 14 ಹೆಣ್ಣುಮಕ್ಕಳ ಹತ್ಯೆಯಾದ ಮೇಲೆ, 1991ರಲ್ಲಿ ಕೆನಡಾದ ಗಂಡಸರು ಶುರುಮಾಡಿದ ಬಿಳಿ ರಿಬ್ಬನ್ ಚಳವಳಿಯ ಪ್ರತಿಜ್ಞೆಯಲ್ಲಿ ಮೂರು ಮಾತುಗಳಿವೆ: ಹಿಂಸೆ ಮಾಡೆನು, ಒಪ್ಪೆನು, ಸುಮ್ಮನಿರೆನು. ಮೂರನೆಯದಕ್ಕೇ ಅಭ್ಯಾಸ ಬೇಕಿರುವುದು.

ಸಂಸ್ಥೆಗಳಿಗೆ ಇದು ಇನ್ನೂ ಸುಲಭ. ಹಣ, ಕೆಲಸ, ವಸ್ತು ಕೊಟ್ಟು ಲೈಂಗಿಕ ಸಂಪರ್ಕ ಪಡೆಯುವುದನ್ನು ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ 2003ರ ಆದೇಶದಲ್ಲಿ ನಿಷೇಧಿಸಿದೆ. ಯಾವ ಕಂಪನಿಯೂ, ಕಾರ್ಮಿಕ ಸಂಘವೂ, ಕ್ರೀಡಾ ತಂಡವೂ ಅದೇ ಸಾಲನ್ನು ತನ್ನ ಪ್ರವಾಸದ ನಿಯಮಗಳಿಗೆ ಸೇರಿಸಬಹುದು, ಗ್ರಾಹಕರ ‘ಸತ್ಕಾರ’ದ ಬಿಲ್ಲುಗಳನ್ನು ಲೆಕ್ಕಪತ್ರ ವಿಭಾಗ ತಡೆಹಿಡಿಯಬಹುದು.

ಫಲಿತಾಂಶ ಅಳೆಯುವಾಗ ಹಾಜರಿಯನ್ನೂ ಸಹಿಗಳನ್ನೂ ನಂಬಬೇಡಿ. ಮೂರು ತಿಂಗಳಲ್ಲಿ ಗಂಡಸರು ಸರಿಯಾದ ಮಾತು ಕಲಿತುಬಿಡುತ್ತಾರೆ. ಹೊಡೆಯುವುದನ್ನು ಬಿಟ್ಟು ಫೋನ್ ತಪಾಸಣೆ, ಹಣ ತಡೆಹಿಡಿಯುವುದು, ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆಗೆ ತಿರುಗಿದವರೂ ಇರುತ್ತಾರೆ. ಅದು ತಿಳಿಯುವುದು ಹೆಂಡತಿಯಿಂದಲೇ: ಬೇರೆ ಜಾಗದಲ್ಲಿ, ಮಹಿಳಾ ಕಾರ್ಯಕರ್ತೆ, ಆಕೆಯ ಅನುಮತಿ ಪಡೆದು ಕೇಳಬೇಕು. ಆರಂಭದಲ್ಲಿ ಒಮ್ಮೆ, ಮುಗಿದಾಗ ಒಮ್ಮೆ, ಒಂದು ವರ್ಷದ ಮೇಲೆ ಇನ್ನೊಮ್ಮೆ. ಆಕೆ ಹೇಳಿದ್ದು ಯಾವ ಕಾರಣಕ್ಕೂ ಗಂಡನ ಕಿವಿಗೆ ಬೀಳಬಾರದು. ಈ ಗುಂಪುಗಳ ಖರ್ಚಿಗಾಗಿ ಮಹಿಳಾ ಆಶ್ರಯತಾಣಗಳ ಅನುದಾನದಿಂದ ಒಂದು ಪೈಸೆಯನ್ನೂ ತೆಗೆಯಬಾರದು. ಕಾರ್ಯಕ್ರಮ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ, ಬೇಕಾದರೆ ನಿಲ್ಲಿಸುವ ಅಧಿಕಾರ ಅಲ್ಲಿನ ಮಹಿಳೆಯರ ಸಂಘಟನೆಗೆ ಇರಬೇಕು.

ಸಂಪಾದಕರೇ, ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ದಂಧೆಯ ಅಡ್ಡೆಯ ಮೇಲೆ ದಾಳಿಯ ಸುದ್ದಿಯಲ್ಲಿ ಹೆಂಗಸರ ಸಂಖ್ಯೆ, ವಯಸ್ಸು, ಊರು, ಕೆಲವೊಮ್ಮೆ ಮುಖ ಮುಚ್ಚಿಕೊಂಡ ಚಿತ್ರವೂ ಇರುತ್ತದೆ. ಅಲ್ಲಿದ್ದ ಗಿರಾಕಿಗಳ ಮೇಲೆ ಏನು ಕ್ರಮವಾಯಿತು ಎಂಬ ಸಾಲು ಇರುವುದಿಲ್ಲ. ಇನ್ನು ಮುಂದೆ ಹೆಂಗಸರ ಊರು ಮತ್ತು ಚಿತ್ರವನ್ನು ಕೈಬಿಟ್ಟು, ನಿಮ್ಮ ವರದಿಗಾರರು ಗಿರಾಕಿಗಳ ಬಗ್ಗೆ ಪೊಲೀಸರನ್ನು ಕೇಳಲಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಅಚ್ಚುಮಾಡಿ, ಜೊತೆಗೆ ಸಹಾಯವಾಣಿಯ ಸಂಖ್ಯೆಯನ್ನೂ ಕೊಡಿ.

ಇಂತಿ,
ಪುರುಷರ ಗುಂಪುಗಳನ್ನು ನಡೆಸುವ ಕಾರ್ಯಕರ್ತರು