ಆಯಾಗೆ, ಸಿಸ್ಟರ್‌ಗೆ, ವಾರಗಿತ್ತಿಗೆ

ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ. "ಹೊಟ್ಟೆಗೆ ಏನೋ ಟೆಸ್ಟಂತೆ" ಎಂದಷ್ಟೇ ಕೇಳಿಸಿಕೊಂಡು ನನಗಾಗಿ ಹರಕೆ ಹೊತ್ತವರಿಗೆಲ್ಲ ಹೇಳಿಬಿಡುತ್ತೇನೆ: ಅದು ಸಿಗ್ಮಾಯ್ಡೋಸ್ಕೋಪಿ. ಬೆರಳು ದಪ್ಪದ ಬಳುಕುವ ಕೊಳವೆಯನ್ನು ಮಲದ್ವಾರದಿಂದ ತೂರಿಸಿ, ತುದಿಯ ಕ್ಯಾಮೆರಾದಲ್ಲಿ ದೊಡ್ಡ ಕರುಳಿನ ಕೆಳಭಾಗ ನೋಡುವ ಪರೀಕ್ಷೆ.

ಮೊದಲು ಡಾಕ್ಟರಿಗೆ ನಮಸ್ಕಾರ. ಮಲದಲ್ಲಿ ರಕ್ತ ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಮೂಲವ್ಯಾಧಿಯೇ, ಮೂಲಂಗಿ ರಸವೇ. "ಮೂಲವ್ಯಾಧಿಯೇ ಇರಬಹುದಮ್ಮ, ಆದರೆ ಒಳಗೆ ನೋಡದೆ ಹಾಗಂತ ಹೇಳಲ್ಲ" ಎಂದರು ಅವರು. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಹಿಂದಿನ ಆಪರೇಷನ್ನು ಎಲ್ಲ ಕೇಳಿ ಬರೆದುಕೊಂಡರು. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ನಾನು ಹೇಳುತ್ತೇನೆ ಎಂದರು.

ಆಮೇಲೆ ಆಯಾ. ಎನಿಮಾ ಕೊಟ್ಟ ಮೇಲೆ "ಆದಷ್ಟು ಹೊತ್ತು ತಡ್ಕೊಳ್ಳಿ ಅಕ್ಕಾ. ಟಾಯ್ಲೆಟ್ ಎದುರಿಗೇ ಐತೆ, ಚಿಲಕ ಹಾಕಬ್ಯಾಡ್ರಿ, ನಾನು ಬಾಗಿಲಲ್ಲೇ ನಿಂತಿರ್ತೀನಿ" ಎಂದರು. ನಿಂತೇ ಇದ್ದರು. ಕರುಳು ಖಾಲಿಯಾಗದಿದ್ದರೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ, ಇನ್ನೊಮ್ಮೆ ಬರಬೇಕಾಗುತ್ತದೆ. ಅರ್ಧ ಪರೀಕ್ಷೆ ಅವರೇ ಮಾಡಿದರೆಂದು ನನ್ನ ಲೆಕ್ಕ. ಬಿಲ್ಲಿನಲ್ಲಿ ಮಾತ್ರ ಅವರ ಸುದ್ದಿಯಿಲ್ಲ.

ನನಗೆ ನೋವಿಗಿಂತ ನಾಚಿಕೆಯದೇ ಭಯ. ಹಿಂದೆ ತೆರೆದ ಗೌನು, ಒಳಗೆ ಗಂಡಸು ಡಾಕ್ಟರು. ಸಿಸ್ಟರ್ ನನ್ನನ್ನು ಎಡಮಗ್ಗುಲಿಗೆ ಮಲಗಿಸಿ, ಮಂಡಿ ಎದೆಯತ್ತ ಮಡಚಿಸಿ, ಬೇಕಾದಷ್ಟು ಬಿಟ್ಟು ಉಳಿದದ್ದಕ್ಕೆಲ್ಲ ಹೊದಿಕೆ ಹೊದೆಸಿದರು. ಕೊನೆಯವರೆಗೂ ಭುಜದ ಮೇಲಿನ ಕೈ ತೆಗೆಯಲಿಲ್ಲ. "ಈಗ ಜೆಲ್ಲಿ, ತಣ್ಣಗಿರುತ್ತೆ." "ಈಗ ಗಾಳಿ ಬಿಡ್ತಾರೆ, ಹೊಟ್ಟೆ ಉಬ್ಬುತ್ತೆ. ಹೂಸು ಬಂದರೆ ಬಿಟ್ಟುಬಿಡಿ ಮೇಡಂ, ತಡೆದರೇ ನೋವು." ಆ ಹೊತ್ತಿನಲ್ಲೂ ನಗು ಬಂತು, ಮೈ ಸಡಿಲವಾಯಿತು. ನೋವೇ ಇಲ್ಲ ಅಂತ ಹೇಳಲಾರೆ. ಕೊಳವೆ ತಿರುವು ದಾಟುವಾಗ ಹೊಟ್ಟೆ ಚೆನ್ನಾಗಿಯೇ ಹಿಂಡಿತು. ನಿಲ್ಲಿಸಿ ಎಂದೆ, ನಿಲ್ಲಿಸಿದರು. ಅಲ್ಲಿ ಸಿಕ್ಕ ಪಾಲಿಪ್ಪನ್ನು, ಅಂದರೆ ಕರುಳಿನ ಒಳಗೋಡೆಯ ಮೇಲೆ ಬೆಳೆದ ಪುಟ್ಟ ಗಂಟನ್ನು, ತಂತಿಯ ಕುಣಿಕೆ ಹಾಕಿ ತೆಗೆದದ್ದು ಮಾತ್ರ ಗೊತ್ತೇ ಆಗಲಿಲ್ಲ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲವಂತೆ. ಎಲ್ಲ ಸೇರಿ 20 ನಿಮಿಷ ಆಗಿರಬಹುದು. ಮಂಪರಿನ ಇಂಜೆಕ್ಷನ್ ಬೇಕಾಗಲಿಲ್ಲ.

ಇನ್ನು ನನ್ನ ವಾರಗಿತ್ತಿ. ಮನೆಗೆ ಕರೆತಂದು ಮೆತ್ತಗೆ ಅನ್ನ, ತಿಳಿಸಾರು ಮಾಡಿ ಬಡಿಸಿದಳು. ಕರುಳು ತೂತಾಗುವುದು ಬಹಳ ಅಪರೂಪ, ಆದರೂ ಜ್ವರ, ತಡೆಯಲಾರದ ಹೊಟ್ಟೆನೋವು, ನಿಲ್ಲದ ರಕ್ತ ಕಂಡರೆ ಕೂಡಲೇ ಬನ್ನಿ ಎಂದು ಸಿಸ್ಟರ್ ಹೇಳಿದ್ದನ್ನು ಕ್ಯಾಲೆಂಡರಿನ ಮೇಲೇ ಬರೆದಿಟ್ಟಳು. ರಾತ್ರಿ ಎದ್ದೆದ್ದು ಹಣೆ ಮುಟ್ಟಿ ನೋಡಿದಳು.

ತೆಗೆದ ಪಾಲಿಪ್ ಅಡಿನೋಮಾ ಎನ್ನುವ ಬಗೆಯದು. ಹಾಗೇ ಬಿಟ್ಟಿದ್ದರೆ ವರ್ಷಗಳು ಕಳೆದು ಕ್ಯಾನ್ಸರ್ ಆಗಬಹುದಿತ್ತು. ಈ ಪರೀಕ್ಷೆಯಲ್ಲಿ ಕರುಳಿನ ಎಡಭಾಗ ಮಾತ್ರ ಕಾಣುವುದರಿಂದ, ಉಳಿದದ್ದನ್ನು ನೋಡಲು ಕೊಲೊನೋಸ್ಕೋಪಿ ಮಾಡಿಸಬೇಕು. ಅದಕ್ಕೆ ಎನಿಮಾ ಸಾಲದು, ಲೀಟರುಗಟ್ಟಲೆ ಭೇದಿ ಔಷಧಿ ಕುಡಿಯಬೇಕಂತೆ. ಆಸ್ಪತ್ರೆಗೆ ಫೋನ್ ಮಾಡಿ, ಆ ಸಿಸ್ಟರಿಗೆ ಯಾವತ್ತು ಡ್ಯೂಟಿ ಅಂತ ವಿಚಾರಿಸಿಯೇ ದಿನ ಗೊತ್ತುಮಾಡಿದ್ದಾಳೆ ವಾರಗಿತ್ತಿ.